ಕುಬಿಹಾಳದ ಕುರಿ, ನವಲಗುಂದದ ಹುಲಿ

ಕುಬಿಹಾಳದ ಪಂಚಾಯತಿ ಗ್ರಂಥಾಲಯ ನೋಡಿಕೊಳ್ಳುವ ಮಹಾನಂದಾಗೆ ಯಾವುದೇ ಸಂಗತಿ ತಲೆಹೊಕ್ಕರೂ ಅದರ ಬುಡ ಕಾಣುವತನಕ ಸಮಾಧಾನವಿಲ್ಲ. ಗ್ರಂಥಾಲಯಕ್ಕೆ ಕಂಪ್ಯೂಟರ್ ಬಂದ ವರ್ಷ, ನಲವತ್ತು ದಾಟಿದ್ದ ಆಕೆ ಒಬ್ಬಳೇ ಕೂತು ಪ್ರೋಗ್ರಾಂ ಬರೆಯಲು ಕಲಿತಳು. ಕಲಿತದ್ದನ್ನು ಹುಲಿ-ಕುರಿ ಆಟಕ್ಕೆ ಹಚ್ಚಿದಳು. ಮೂರು ಹುಲಿ, ಹದಿನೈದು ಕುರಿ, ಇಪ್ಪತ್ತಮೂರು ಮನೆ. ಹುಲಿ ಕುರಿಯನ್ನು ಹಾರಿ ಕೊಲ್ಲಬೇಕು, ಕುರಿಗಳು ಹುಲಿಯನ್ನು ಕಟ್ಟಿಹಾಕಬೇಕು. ಎಂಟು ತಿಂಗಳಲ್ಲಿ ಪ್ರೋಗ್ರಾಂ ಆಕೆಯನ್ನೇ ಸೋಲಿಸತೊಡಗಿತು.

ಬೇರೆಯವರ ತಲೆಯಲ್ಲಿ ಹುಟ್ಟಿದ ಪ್ರೋಗ್ರಾಂ ಎದುರಾದರೆ ಇದು ಹೇಗೆ ಆಡೀತು ಎಂಬ ಹುಳ ಆಮೇಲೆ ಹೊಕ್ಕಿತು. ಧಾರವಾಡದ ತರಬೇತಿಯಲ್ಲಿ ಪರಿಚಯವಾಗಿದ್ದ ಜಹೀರುದ್ದೀನ ನವಲಗುಂದದ ಹತ್ತಿರ ಇಂಥದೇ ಗ್ರಂಥಾಲಯ ನಡೆಸುತ್ತಿದ್ದ. ಫೋನಿನಲ್ಲಿ ವಿಷಯ ಕೇಳಿ ಅವನೂ ಎರಡು ತಿಂಗಳು ಕೂತು ಒಂದನ್ನು ಬರೆದ. ಮನೆಗಳಿಗೆ ಒಂದರಿಂದ ಇಪ್ಪತ್ತಮೂರರ ತನಕ ಅಂಕಿ ಕೊಟ್ಟರು. ಯಾವ ಮನೆಯಿಂದ ಯಾವ ಮನೆಗೆ ಎಂಬ ಎರಡು ಅಂಕಿಯನ್ನಷ್ಟೇ ಒಂದು ಕಂಪ್ಯೂಟರ್ ಇಂಟರ್ನೆಟ್ ಮೇಲೆ ಇನ್ನೊಂದಕ್ಕೆ ಕಳಿಸಬೇಕೆಂದು ಮಾತಾಯಿತು.

ಮೊದಲ ದಿನ ಆಟ ಹನ್ನೊಂದನೇ ನಡೆಗೆ ನಿಂತಿತು. ಎದುರಿನ ನಡೆ ತಪ್ಪು ಎಂದು ಮಹಾನಂದಾಳ ಪ್ರೋಗ್ರಾಂ ಹಟ ಹಿಡಿಯಿತು. ಮರುದಿನವೂ ಅದೇ ಕಥೆ. ತಾನು ಬರೆದ ಒಂದೊಂದು ಸಾಲನ್ನೂ ಆಕೆ ಎರಡು ದಿನ ತಡವಿ ನೋಡಿದಳು, ತಪ್ಪು ಸಿಗಲಿಲ್ಲ. ಕೊನೆಗೆ ಹಾಳೆಯ ಮೇಲೆ ಮನೆ ಬರೆದು, ಹುಣಸೆಬೀಜ ಇಟ್ಟು, ನಡೆಗಳನ್ನು ಕೈಯಿಂದಲೇ ಆಡಿದಳು. ಜಹೀರುದ್ದೀನನ ಹುಲಿ ಒಂದೇ ಸರದಿಯಲ್ಲಿ ಎರಡು ಕುರಿ ಹಾರಿತ್ತು.

ಮನೆಯಿಂದ ಸ್ಪೀಕರ್ ಹಚ್ಚಿ ಫೋನ್ ಮಾಡಿದಾಗ ಅವನಿಗೇ ಅಚ್ಚರಿ. "ನಮ್ಮ ಕಡೆ ಹಂಗ ಹಾರತೈತ್ರಿ ಅಕ್ಕಾರ. ನಿಮ್ಮಲ್ಲಿ ಹಾರೂದಿಲ್ಲೇನ್ರಿ?"

ಪಕ್ಕದಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದ ಅತ್ತೆ ಬಸವಣ್ಣೆವ್ವ ಕೈ ನಿಲ್ಲಿಸಿದಳು. ಮಹಾನಂದಾಗೆ ಈ ಆಟ ಕಲಿಸಿದವಳೇ ಆಕೆ. ತವರು ನವಲಗುಂದದ ಕಡೆ.

"ನಮ್ಮ ತವರಾಗೂ ಹಾರತಿತ್ತವಾ," ಎಂದಳು. "ಇಲ್ಲಿಗೆ ಬಂದ ಹೊಸದರಾಗ ಹಂಗ ಆಡಿದೆ. ಎಲ್ಲಾರೂ ನಕ್ಕರು. ಬಿಟ್ಟುಬಿಟ್ಟೆ."

ಐವತ್ತು ವರ್ಷದಲ್ಲಿ ಆಕೆ ಈ ಮಾತನ್ನು ಯಾರಿಗೂ ಹೇಳಿರಲಿಲ್ಲ. ಮಹಾನಂದಾ ಹುಣಸೆಬೀಜಗಳನ್ನು ಅತ್ತೆಯ ಕಡೆ ಸರಿಸಿ, ತವರಿನ ಆಟ ಪೂರ್ತಿ ತೋರಿಸೆಂದು ಕೇಳಿದಳು.

ಆ ವಾರ ಮಹಾನಂದಾ, ಜಹೀರುದ್ದೀನ ಇಬ್ಬರೂ ತಮ್ಮ ತಮ್ಮ ಪ್ರೋಗ್ರಾಂ ತಿದ್ದಿದರು. ಈಗ ಆಟಕ್ಕೆ ಮೊದಲು ಎರಡೂ ಕಂಪ್ಯೂಟರುಗಳು ಯಾವ ಊರಿನ ನಿಯಮ ಎಂದು ಕೇಳಿ, ಒಪ್ಪಿಕೊಂಡು ಶುರು ಮಾಡುತ್ತವೆ. ಕುಬಿಹಾಳದ ನಿಯಮದಲ್ಲಿ ಹತ್ತು ಆಟಕ್ಕೆ ಏಳು ಮಹಾನಂದಾಳ ಪಾಲಾದವು. ನವಲಗುಂದದ ನಿಯಮದಲ್ಲಿ ಗೆದ್ದದ್ದು ಎರಡೇ. ಆ ಎಂಟು ಸೋಲುಗಳನ್ನು ಬಸವಣ್ಣೆವ್ವ ಪರದೆಯ ಮುಂದೆ ಕೂತು ಒಂದೊಂದಾಗಿ ನೋಡಿ, ಕುರಿ ಎಲ್ಲಿ ಎಡವಿತೆಂದು ಬೆರಳಿಟ್ಟು ತೋರಿಸಿದಳು. ಸೊಸೆ ಬರೆದುಕೊಂಡಳು.

ಮೊನ್ನೆ ಮಿಶ್ರಿಕೋಟಿಯಿಂದ ಒಬ್ಬ ಟೀಚರ್ ಈ ಆಟದ ಸುದ್ದಿ ಕೇಳಿ ಫೋನ್ ಮಾಡಿದ್ದರು. ತಮ್ಮಲ್ಲಿ ಹುಲಿಗಳು ನಾಲ್ಕು, ನಡೆಯುತ್ತದೇನು ಎಂದು ಕೇಳಿದರು.