ದೇವರ ಮನೆ ಮೋಲ್ಡಿನ ಮೆತ್ತನೆ ಮೂಲೆ

ನಮ್ಮನೆಯಲ್ಲಿ ನನ್ನ ಮಾತು ನಡೆಯುವುದು ಅಡುಗೆಮನೆ ಹೊಸಿಲಿನವರೆಗೆ. ಅದರಾಚೆ ಏನಿದ್ದರೂ ನಮ್ಮನೆಯವರು ತಮ್ಮನನ್ನು ಕೇಳುತ್ತಾರೆ. ಆ ತಮ್ಮ, ಅಂದರೆ ನನ್ನ ಮೈದುನ, ಅಂತರಸನಹಳ್ಳಿಯಲ್ಲಿ ಸಿಮೆಂಟ್ ಇಟ್ಟಿಗೆ ಮಾಡುವ ಫ್ಯಾಕ್ಟರಿಯಲ್ಲಿದ್ದಾನೆ. ಹಿತ್ತಲಲ್ಲಿ ಒಂದು ಪುಟ್ಟ ದೇವರ ಮನೆ ಬೇಕೆಂದು ವರ್ಷಗಟ್ಟಲೆ ಹೇಳಿ ಹೇಳಿ ಒಪ್ಪಿಸಿದ್ದೆ. ಗೋಡೆ ಎದ್ದು ತಾರಸಿಗೆ ಮೋಲ್ಡ್ ಹಾಕುವ ದಿನ ಬಂತು ನೋಡಿ, ಈ ಮಹಾರಾಯ ಲಗೇಜ್ ಆಟೋದಲ್ಲಿ ಮೂರು ಚೀಲ ಬಿಳಿ ಪುಡಿ ತಂದು ಇಳಿಸಿದ.

"ಏನಪ್ಪ ಇದು?"

"ಜೇಡಿಮಣ್ಣು ಸುಟ್ಟು ಪುಡಿ ಮಾಡಿರೋದು ಅತ್ತಿಗೆ, ಸುಣ್ಣದಕಲ್ಲಿನ ಪುಡೀನೂ ಸೇರೈತೆ. ಸಿಮೆಂಟ್ ಅಷ್ಟು ಕಮ್ಮಿ ಮಾಡಿ ಇದನ್ನ ಹಾಕೋದು. ಗಟ್ಟಿಯಾಗೋಕೆ ಸ್ವಲ್ಪ ನಿಧಾನ, ನೀರು ಜಾಸ್ತಿ ದಿನ ಕಟ್ಬೇಕು, ಅಷ್ಟೇ."

"ಪರೀಕ್ಷೆ ಮಾಡೋಕೆ ನಿಂಗೆ ದೇವ್ರ ಮನೇನೇ ಬೇಕಿತ್ತಾ? ನಿಮ್ಮನೆ ಬಾತ್‌ರೂಮಿಗೆ ಹಾಕ್ಕೋ ಹೋಗು."

ಗುಬ್ಬಿ ಕಡೆಯ ಮೇಸ್ತ್ರಿ ಚಿಟಿಕೆ ಪುಡಿ ಉಜ್ಜಿ ನೋಡಿದ. "ಮಣ್ಣಲ್ಲಿ ಗೋಡೆ ಕಟ್ಟಿದೀನಿ ಅಮ್ಮೋರೆ, ಮೋಲ್ಡ್ ಹಾಕಿಲ್ಲ. ಆಮೇಲೆ ನನ್ನ ಕೇಳ್ಬೇಡಿ."

"ಅವ್ನಿಗೆ ಗೊತ್ತಿರುತ್ತೆ, ಸುಮ್ನಿರೇ," ಅಂದರು ನಮ್ಮನೆಯವರು. ಮುಗಿಯಿತು.

ಅವತ್ತು ಸೋಮವಾರ. ಅದರ ಮುಂದಿನ ನಾಲ್ಕನೇ ಸೋಮವಾರ ದೇವರನ್ನು ಒಳಗೆ ಕೂರಿಸಬೇಕೆಂದು ಮಠದ ಅಯ್ಯನೋರು ದಿನ ಇಟ್ಟುಕೊಟ್ಟಿದ್ದರು. ಆ ದಿನ ತಪ್ಪಿದರೆ ನಮಗೆ ಮತ್ತೆ ಒಳ್ಳೆಯ ದಿನ ಸಿಗುವುದು ಕಷ್ಟ ಅಂದಿದ್ದರು. ಕುಣಿಗಲ್ಲಿನಿಂದ ನಮ್ಮನೆಯವರ ಅಕ್ಕ ಬರುವುದೂ ಗೊತ್ತಾಗಿತ್ತು. ಅಲ್ಲಿಯ ತನಕ ಶಿವ ಫ್ರಿಡ್ಜಿನ ಮೇಲೆ. ಬಾಗಿಲು ತೆಗೆದು ಹಾಕಿದಾಗೆಲ್ಲ ಮೂರ್ತಿ ನಡುಗುವುದನ್ನು ನೋಡಿ ನನಗೆ ಅಳು ಬರುತ್ತಿತ್ತು.

ಮಂಗಳವಾರ ಬೆಳಿಗ್ಗೆ ಮೇಸ್ತ್ರಿ ಮೇಲಿನಿಂದ ಕೂಗಿದ. ಎಲ್ಲ ಕಡೆ ಗಟ್ಟಿಯಾಗಿತ್ತು, ಮೂಡಣ ಮೂಲೆಯಲ್ಲಿ ಮಾತ್ರ ತಟ್ಟೆಯಗಲ ಜಾಗ ಬೆರಳಿಟ್ಟರೆ ಇಳಿಯುತ್ತಿತ್ತು. ದೇವರ ಪೀಠ ಸರಿಯಾಗಿ ಅದರ ಕೆಳಗೇ.

"ನಾನೇನಂದೆ? ಪೂರ್ತಿ ಒಡೆದು ಬರೀ ಸಿಮೆಂಟಲ್ಲಿ ಹಾಕ್ಬೇಕು. ನಿಮ್ ದಿನಕ್ಕೆ ಆಗಲ್ಲ."

ನಾನು ಮೈದುನನಿಗೆ ಫೋನ್ ಮಾಡಿ ಬಾಯಿಗೆ ಬಂದಂಗೆ ಅಂದೆ. ಅವನು ಮಧ್ಯಾಹ್ನದ ಊಟ ಬಿಟ್ಟು ಓಡಿ ಬಂದ. ನಮ್ಮನೆಯವರು ಅಷ್ಟರಲ್ಲಿ "ಒಡೀರಿ ಹಂಗಾದ್ರೆ" ಅನ್ನುವುದರಲ್ಲಿದ್ದರು. ಇವರು ಒಂದು ಸಲವಾದರೂ ನನ್ನ ಕಡೆ ಮಾತಾಡುತ್ತಿದ್ದಾರಲ್ಲ ಎಂದು ಒಳಗೊಳಗೇ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಮೈದುನ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತು ಬಗ್ಗಿ ನೋಡಿದ. "ಅತ್ತಿಗೆ, ಇಲ್ಲಿಗ್ಯಾಕೆ ಇಷ್ಟೊಂದು ಇರುವೆ ಬಂದವೆ?"

ಆಗ ನನಗೆ ನೆನಪಾಯಿತು.

ಸೋಮವಾರದ ಅಭಿಷೇಕದ ಪಂಚಾಮೃತ ಮಿಕ್ಕರೆ ನಾನು ಬಿಲ್ವದ ಗಿಡದ ಬುಡಕ್ಕೆ ಹುಯ್ಯುವುದು. ತುಳಿಯುವ ಜಾಗಕ್ಕೆ ಚೆಲ್ಲಬಾರದು. ಗಿಡದ ಸುತ್ತ ಜಲ್ಲಿ ರಾಶಿ, ಆಳುಗಳ ಚಪ್ಪಲಿ. ಯಾರೂ ತುಳಿಯದ ಜಾಗ ಯಾವುದು? ಹಿಂದಿನ ದಿನ ಸಂಜೆ ಎಲ್ಲರೂ ಹೋದ ಮೇಲೆ ಏಣಿ ಹತ್ತಿ, ಇನ್ನೂ ಹಸಿಯಿದ್ದ ಮೋಲ್ಡಿನ ಮೇಲೆ, ಪೀಠದ ನೇರಕ್ಕೆ ಹುಯ್ದಿದ್ದೆ. ಜೇನುತುಪ್ಪ, ಒಂದು ಹಿಡಿ ಸಕ್ಕರೆ ಎಲ್ಲ ಇದ್ದದ್ದು. ಇವನ ಮಣ್ಣಿನ ಮೇಲೆ ನಂಬಿಕೆಯಿಲ್ಲ, ನೀನೇ ಗಟ್ಟಿ ಮಾಡಪ್ಪ ಎಂದು ಬೇಡಿಕೊಂಡು ಬೇರೆ.

ಬಾಯಿ ಮುಚ್ಚಿಕೊಂಡಿದ್ದರೆ ಇರುವೆಗಳು ಹೇಳುತ್ತಿರಲಿಲ್ಲ. ಆದರೆ ಸುತ್ತಿಗೆ ಬೀಳುವುದು ನನ್ನ ದೇವರ ಮನೆಗೆ. ಹೇಳಿಬಿಟ್ಟೆ.

ಮೈದುನ ಬೈಯಲಿಲ್ಲ. ಸಕ್ಕರೆ ಬಿದ್ದರೆ ಯಾವ ಸಿಮೆಂಟೂ ಗಟ್ಟಿಯಾಗುವುದಿಲ್ಲ ಎಂದು ಹೇಳಿ, ಕರಣೆಯಲ್ಲಿ ಮೆತ್ತಗಿದ್ದುದನ್ನು ಕೆರೆದ. ಅರ್ಧ ಬೆರಳು ಇಳಿದ ಮೇಲೆ ಕರಣೆ ಟಣ್ ಎಂದಿತು. ಅಷ್ಟಕ್ಕೆ ಮಾತ್ರ ಮತ್ತೆ ತುಂಬಿಸಿದ. ಹೆಚ್ಚು ಹುಯ್ಯದಂತೆ ನನ್ನ ಕೈ ತಡೆದವನೂ ಆ ಶಿವನೇ ಇರಬೇಕು.

ಮೂರು ವಾರ ಬಿಡದೆ ನೀರು ಕಟ್ಟಿದವಳು ನಾನೇ. ಬಿಂದಿಗೆ ಹೊತ್ತು ಹೊತ್ತು ಸೊಂಟ ಬಿದ್ದುಹೋಯಿತು. ಇಟ್ಟ ದಿನಕ್ಕೇ ಅಯ್ಯನೋರು ಬಂದರು, ಶಿವ ಫ್ರಿಡ್ಜಿನಿಂದ ಇಳಿದ. ಮೇಸ್ತ್ರಿ ಮಾತ್ರ ಗುಬ್ಬಿಯಲ್ಲಿ ಈಗಲೂ, ಆ ಮಣ್ಣು ಹಾಕಿದ್ದಕ್ಕೇ ಹಂಗಾಗಿದ್ದು ಅಂತಾನಂತೆ. ಮೈದುನನಂತೂ ಪ್ರತಿ ಸೋಮವಾರ ಪ್ರಸಾದಕ್ಕೆ ಕೈಯೊಡ್ಡಿ ಮೊದಲು ಮೇಲೆ ನೋಡುತ್ತಾನೆ.

"ಏನೋ ನೋಡ್ತೀಯ?"

"ಏಣಿ ಎತ್ತಿಟ್ಟಿದೀರಾ ಅಂತ, ಅತ್ತಿಗೆ."