ಬಾಯಿಗೆ ಬಿದ್ದ ಬ್ಲಾಗು

ನನ್ನ ಬ್ಲಾಗಿನ ಅತ್ಯಂತ ನಿಷ್ಠಾವಂತ ಓದುಗ ನಾನೇ. ಆಫೀಸಿನ ಕಂಪ್ಯೂಟರಿನಲ್ಲಿ ಒಮ್ಮೆ, ಮನೆಯದರಲ್ಲಿ ಒಮ್ಮೆ, ಫೋನಿನಲ್ಲಿ ಇನ್ನೊಮ್ಮೆ ತೆರೆದರೆ ಮೂವರು ಬಂದುಹೋದಂತೆ ಲೆಕ್ಕ ಬೀಳುತ್ತದೆ. ಆ ಮೂವರಲ್ಲಿ ಯಾವತ್ತೂ ಭಿನ್ನಾಭಿಪ್ರಾಯ ಬಂದದ್ದಿಲ್ಲ; ಮೂವರಿಗೂ ಬರಹ ಹಿಡಿಸಿರುತ್ತದೆ.

ಬ್ಲಾಗಿನ ಹೆಸರು ‘ಕಾಪೆಲ್ ಕಟ್ಟೆ’. ನಾವಿರುವ ಕಾಪೆಲ್ ಡ್ಯಾಲಸ್ ವಿಮಾನ ನಿಲ್ದಾಣದ ಮಗ್ಗುಲಿನ ಊರು. ಒಳ್ಳೆಯ ಶಾಲೆ, ಒಳ್ಳೆಯ ರಸ್ತೆ, ಎಲ್ಲ ಇದೆ. ಸಂಜೆ ಕೂತು ಹರಟಲು ಒಂದು ಕಟ್ಟೆ ಮಾತ್ರ ಇಲ್ಲ. ಮನೆಯೆದುರು ಸುಮ್ಮನೆ ಕೂತರೆ, ಕೀಲಿ ಒಳಗೆ ಬಿಟ್ಟು ಬಾಗಿಲು ಹಾಕಿಕೊಂಡಿರಾ ಎಂದು ನೆರೆಯವರು ಕಳಕಳಿಯಿಂದ ವಿಚಾರಿಸುತ್ತಾರೆ. ಹಾಗಾಗಿ ನನ್ನ ಕಟ್ಟೆಯನ್ನು ಇಂಟರ್ನೆಟ್ಟಿನಲ್ಲಿ ಕಟ್ಟಿದೆ. ಹೆಸರು ಹಾಕಿಕೊಳ್ಳಲಿಲ್ಲ. ಅದನ್ನು ವಿನಯ ಎಂದು ಕರೆದುಕೊಂಡೆ. ‘ಯಾರಪ್ಪಾ ಇಷ್ಟು ಚೆನ್ನಾಗಿ ಬರೆಯುವವನು’ ಎಂದು ಜನ ಹುಡುಕಿಕೊಂಡು ಬರಲಿ ಎಂಬ ಆಸೆಯೂ ಆ ವಿನಯದ ಬೆನ್ನಿಗೇ ಇತ್ತು. ಯಾರೂ ಬರಲಿಲ್ಲ.

ಆಸ್ಟಿನ್‌ನಲ್ಲಿರುವ ಗೆಳೆಯ ರಘು ಮಾರ್ಕೆಟಿಂಗ್ ಕೆಲಸದವನು. ಕಷ್ಟ ಹೇಳಿಕೊಂಡೆ. “ಜಾಹೀರಾತೆಲ್ಲ ವೇಸ್ಟು ಕಣೋ. ವರ್ಡ್ ಆಫ್ ಮೌತ್ ಆಗ್ಬೇಕು. ಒಬ್ರು ಇನ್ನೊಬ್ರಿಗೆ ಹೇಳ್ಬೇಕು,” ಎಂದ. ಅವನು ಓದುತ್ತಾನೆಯೇ ಎಂದು ಕೇಳಿದೆ. ಟೈಮ್ ಸಿಗಲ್ಲ ಎಂದ.

ಬಾಯಿಂದ ಬಾಯಿಗೆ ಹೋಗುವುದು ನಮ್ಮವರಿಗೆ ಹೊಸ ವಿದ್ಯೆಯೇನಲ್ಲ. ಗಾದೆಗಳನ್ನೇ ನೋಡಿ. ಮೊದಲ ಗಾದೆ ಕಟ್ಟಿದ ಪುಣ್ಯಾತ್ಮನಿಗೆ ಬ್ಲಾಗೂ ಇರಲಿಲ್ಲ, ಎಷ್ಟು ಜನ ಓದಿದರು ಎಂಬ ಚಿಂತೆಯೂ ಇರಲಿಲ್ಲ. ಬಾಯಿದ್ದವನು ಬರದಲ್ಲೂ ಬದುಕಿದ ಎಂದು ಹೇಳಿ ತನ್ನ ಪಾಡಿಗೆ ತಾನು ಹೋದ. ಮಾತು ಇನ್ನೂ ಓಡಾಡುತ್ತಿದೆ. ಇಲ್ಲಿಯೂ ಅಷ್ಟೆ. ಅಂಗಡಿಗೆ ಹಲಸಿನಹಣ್ಣು ಬಂದಿದೆ ಎಂದು ಬೆಳಿಗ್ಗೆ ಒಬ್ಬ ಆಂಟಿ ಬಾಯಿಬಿಟ್ಟರೆ, ಮಧ್ಯಾಹ್ನದ ಹೊತ್ತಿಗೆ ತೊಳೆ ಹೋಗಲಿ, ಬೀಜವೂ ಸಿಗುವುದಿಲ್ಲ. ನನ್ನ ಬರಹ ಮಾತ್ರ ಯಾರ ಬಾಯಿಗೂ ಏರಲಿಲ್ಲ. ಹತ್ತಿರದ ಯೂಲೆಸ್‌ನಲ್ಲಿ, ಎಲ್ಲರೂ ಒಂದೊಂದು ಅಡುಗೆ ತಂದು ಕೂಡಿ ಉಣ್ಣುವ ಪಾಟ್‌ಲಕ್ ಒಂದರಲ್ಲಿ, ಬಿಸಿಬೇಳೆಭಾತ್ ಬಡಿಸಿಕೊಳ್ಳುತ್ತಿದ್ದವರ ಪಕ್ಕ ನಿಂತು, ಯಾರೋ ಒಬ್ಬರು ಬರೆಯುವ ಬ್ಲಾಗು ಎಂಬಂತೆ ವಿಷಯ ತೆಗೆದೆ. “ಲಿಂಕ್ ಕಳ್ಸಿ ಸಾರ್, ಖಂಡಿತ ಓದ್ತೀನಿ,” ಎಂದರು. ಕಳಿಸಿದೆ. ಹೆಬ್ಬೆರಳೆತ್ತಿದ ಚಿತ್ರವೊಂದು ಬಂತು. ಅಲ್ಲಿಗೆ ಆ ಸಂಬಂಧ ಮುಗಿಯಿತು.

ಆ ವರ್ಷ ನವರಾತ್ರಿಗೆ ನನ್ನ ಹೆಂಡತಿ ಪದ್ಮಿನಿ ಬೊಂಬೆ ಕೂರಿಸಿದ್ದಳು. ಬಂದ ಹೆಂಗಸರಿಗೆ ಕೊಡಲು ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ, ಬ್ಲೌಸ್ ಪೀಸುಗಳ ಚೀಲ ಸಿದ್ಧವಾಗುತ್ತಿದ್ದಾಗ ನನಗೆ ಜ್ಞಾನೋದಯವಾಯಿತು. ಬ್ಲಾಗಿನ ವಿಳಾಸವನ್ನು ಸಣ್ಣ ಚೀಟಿಗಳಲ್ಲಿ ಮುದ್ರಿಸಿ ಒಂದೊಂದು ಬ್ಲೌಸ್ ಪೀಸಿನ ಮಡಿಕೆಯೊಳಗೆ ಇಟ್ಟೆ. ಪದ್ಮಿನಿ ಧಾರವಾಡದವಳು, ಮುಚ್ಚುಮರೆ ಇಲ್ಲ. “ರೀ, ಮಂದಿ ನಿಮ್ಮನ್ನ ಮನಿ ಮಾರೋ ಏಜೆಂಟ್ ಅಂತ ತಿಳ್ಕೋತಾರ,” ಎಂದಳು. ಆದರೂ ಇಡಲು ಬಿಟ್ಟಳು.

ನಾನು ಮರೆತದ್ದು ಒಂದೇ: ತಾಂಬೂಲದ ಬ್ಲೌಸ್ ಪೀಸನ್ನು ಯಾರೂ ಬಿಚ್ಚುವುದಿಲ್ಲ. ಕಾಪೆಲ್‌ನಲ್ಲಿ ಕೊಟ್ಟದ್ದು ಆಸ್ಟಿನ್‌ನ ಸೀಮಂತಕ್ಕೆ ಹೋಗುತ್ತದೆ, ಅಲ್ಲಿಂದ ಹ್ಯೂಸ್ಟನ್ನಿನ ವರಮಹಾಲಕ್ಷ್ಮಿಗೆ. ಅದನ್ನು ಹೊಲಿಸಿಕೊಂಡು ತೊಟ್ಟವರನ್ನು ನಾನು ಈವರೆಗೆ ಕಂಡಿಲ್ಲ. ನನ್ನ ಚೀಟಿಗಳು ಟೆಕ್ಸಸ್ ಸುತ್ತುತ್ತಿದ್ದವು. ಓದುಗರ ಲೆಕ್ಕ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು.

ಯುಗಾದಿಯ ತನಕ ನೋಡುವುದು, ಆಗಲೂ ಹೀಗೇ ಇದ್ದರೆ ನಿಲ್ಲಿಸಿಬಿಡುವುದು ಎಂದುಕೊಂಡೆ. ಯುಗಾದಿ ಬಂತು, ಹೋಯಿತು. ನಿಲ್ಲಿಸಿದೆ. ಹೇಳಿಕೊಳ್ಳಲು ಸಂಕೋಚ, ಆದರೆ ಬಹಳ ಬೇಸರವಾಯಿತು. ಅದೊಂದನ್ನು ಬಿಟ್ಟರೆ ನನ್ನ ದಿನದಲ್ಲಿ ಕನ್ನಡಕ್ಕೆ ಉಳಿಯುವ ಕೆಲಸ ಮಗಳನ್ನು ಊಟಕ್ಕೆ ಕರೆಯುವುದಷ್ಟೆ. ಅವಳು “ಕಮಿಂಗ್ ಅಪ್ಪಾ” ಎನ್ನುತ್ತಾಳೆ, ಅಲ್ಲಿಗೆ ಅದೂ ಮುಗಿಯುತ್ತದೆ.

ಬೇಸಿಗೆಯಲ್ಲಿ ಹ್ಯೂಸ್ಟನ್ ಕಡೆಯ ಸೈಪ್ರೆಸ್‌ನಲ್ಲಿ ಪದ್ಮಿನಿಯ ಸೋದರಸಂಬಂಧಿಯ ಗೃಹಪ್ರವೇಶ. ಸತ್ಯನಾರಾಯಣ ಪೂಜೆಯೂ ಇತ್ತು. ಅರ್ಚನೆಗೆ ಭಟ್ಟರು ಒಬ್ಬೊಬ್ಬರ ಹೆಸರು, ಗೋತ್ರ ಕೇಳುತ್ತ ಬಂದಾಗ ಮುಂದಿನ ಸಾಲಿನ ಹಿರಿಯ ಹೆಂಗಸೊಬ್ಬರು ತಮ್ಮದನ್ನು ಹೇಳಿ ಮುಗಿಸಿ, “ಭಟ್ಟರ, ಇನ್ನೊಬ್ಬರ ಹೆಸರಿಗೂ ಮಾಡ್ರಿ. ಆರಾಮ ಇಲ್ಲ ಅವರಿಗೆ,” ಎಂದರು. ಅವರು ಸುಮಿತ್ರಾ ಆಂಟಿ, ಗ್ಯಾರೇಜಿನಲ್ಲಿ ಇಳಕಲ್ ಸೀರೆ ಮಾರುವವರು ಎಂದು ಪದ್ಮಿನಿ ಪಿಸುಗುಟ್ಟಿದಳು.

“ಹೆಸರು?” ಎಂದರು ಭಟ್ಟರು.

“ಹೆಸರು ಗೊತ್ತಿಲ್ರಿ. ಕಾಪೆಲ್ ಕಟ್ಟಿ ಅಂತ ಬ್ಲಾಗ್ ಬರೀತಾರ. ಯುಗಾದಿ ಆದಮ್ಯಾಲೆ ಒಂದಕ್ಷರ ಬರೆದಿಲ್ಲ.”

ನನ್ನ ಕೈಯಲ್ಲಿದ್ದ ಅಕ್ಷತೆ ಉದುರಿತು.

“ಹಾರ್ಟ್ ಆಪರೇಷನ್ ಅಂತೆ,” ಎಂದರು ನನ್ನ ಹಿಂದೆ ಕೂತವರು. “ಹಾರ್ಟಲ್ಲ, ಬೆನ್ನಂತೆ. ಮಲಗಿದ ಕಡೇನೇ ಅಂತೆ,” ಎಂದು ಅವರ ಪಕ್ಕದವರು ತಿದ್ದಿದರು.

ಭಟ್ಟರು ಇಂಥದ್ದನ್ನೆಲ್ಲ ಕಂಡವರು. ಗೋತ್ರ ತಿಳಿಯದವರಿಗೆ ಕಾಶ್ಯಪ ಗೋತ್ರ ಹೇಳುವ ವಾಡಿಕೆ ಹೇಗೂ ಇದೆ. “ಕಾಶ್ಯಪ ಗೋತ್ರೋದ್ಭವಸ್ಯ, ಬ್ಲಾಗ್ ಲೇಖಕಸ್ಯ” ಎಂದು ಶುರುಮಾಡಿ ನನಗೆ ಆಯುಸ್ಸು, ಆರೋಗ್ಯ ಎಲ್ಲವನ್ನೂ ಕೇಳಿಕೊಂಡರು. ನಾನು ಭಾರದ್ವಾಜ ಗೋತ್ರದವನು. ಆದರೂ ತಲೆ ಬಾಗಿಸಿದೆ. ಪದ್ಮಿನಿ ಸೆರಗು ಬಾಯಿಗೊತ್ತಿಕೊಂಡು ಗೋಡೆಯ ಕಡೆ ತಿರುಗಿದ್ದಳು.

ಊಟಕ್ಕೆ ಆಂಟಿ ನಮ್ಮ ಪಕ್ಕದಲ್ಲೇ ಕೂತರು. ಬ್ಲಾಗು ಹೇಗೆ ಸಿಕ್ಕಿತೆಂದು ನಾನು ಆದಷ್ಟು ಉದಾಸೀನವಾಗಿ ವಿಚಾರಿಸಿದೆ. ಯಾರೋ ಕೊಟ್ಟ ಖಣದ, ಅಂದರೆ ಬ್ಲೌಸ್ ಪೀಸಿನ, ಮಡಿಕೆಯಲ್ಲಿ ಚೀಟಿ ಇತ್ತಂತೆ. ಅಂಗಡಿಯವರು ತಾನೇ, ಬಿಚ್ಚಿ ಬಟ್ಟೆ ಪರೀಕ್ಷಿಸುವುದು ಅವರ ಅಭ್ಯಾಸ. ಅಲ್ಲಿಂದಾಚೆ ಪ್ರತಿ ವಾರ, ಸೀರೆ ಆರಿಸಲು ಬಂದವರಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದರಂತೆ. ಹೇಳಿಸಿಕೊಂಡವರು ಮನೆಗೆ ಹೋಗಿ ಗಂಡಂದಿರಿಗೆ ಹೇಳುತ್ತಿದ್ದರಂತೆ. ಇಷ್ಟೂ ಜನ ನನ್ನ ಲೆಕ್ಕದಲ್ಲಿ ಒಬ್ಬರಾಗಿದ್ದರು. ನಾನು ಕಣ್ಣೊರೆಸಿಕೊಂಡೆ. ಹೋಳಿಗೆ ಸಿಕ್ಕಿಕೊಂಡಿತೆಂದು ಆಂಟಿ ನೀರು ಕೊಟ್ಟರು.

“ಭಾಳ ಎಳೀತಾರ, ಆದ್ರ ಮನುಷ್ಯಾ ಚಲೋ,” ಎಂದು ತೀರ್ಪು ಕೊಟ್ಟರು. “ನೀವೂ ಕಾಪೆಲ್‌ನವ್ರಲ್ರೀ? ಅವ್ರ ಸುದ್ದಿ ಏನರ ಗೊತ್ತೇನು?”

ನಾನೇ ಎನ್ನಬಹುದಿತ್ತು. ಆದರೆ ಎರಡನೆಯ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ ಕೂತವನು, ಆ ಹಾಸಿಗೆ ಹಿಡಿದ ಲೇಖಕ ನಾನೇ ಎಂದು ಯಾವ ಮುಖದಿಂದ ಹೇಳುವುದು?

“ಈಗ ಹುಷಾರಾಗಿದಾರಂತೆ,” ಎಂದೆ. “ಈ ವಾರದಿಂದ ಮತ್ತೆ ಬರೀತಾರಂತೆ.”

“ಚಲೋ ಆತು,” ಎಂದ ಆಂಟಿ ಅಲ್ಲೇ ತಿರುಗಿ ಪಕ್ಕದವರಿಗೆ ಹೇಳಿದರು. ಪಕ್ಕದವರು ಅವರ ಪಕ್ಕದವರಿಗೆ. ಮಜ್ಜಿಗೆ ಬರುವಷ್ಟರಲ್ಲಿ ಸುದ್ದಿ ಪಂಕ್ತಿಯ ಆ ತುದಿ ಮುಟ್ಟಿ ಹಿಂದಿರುಗಿತ್ತು. ಎದುರು ಕೂತ ಅಂಕಲ್ ಒಬ್ಬರು ನನ್ನ ಕಡೆ ಬಾಗಿ, “ನಿಮ್ಮೂರಿನವರೇ ಅಂತೆ ಸಾರ್. ಡಾಕ್ಟರು ಕೈಬಿಟ್ಟಿದ್ರಂತೆ, ಎದ್ದು ಬಂದು ಬರೀತಿದಾರಂತೆ,” ಎಂದರು. ಹೌದೇ ಎಂದೆ.

ಮರಳುವಾಗ ಪದ್ಮಿನಿ ಡ್ರೈವ್ ಮಾಡಿದಳು. ನಾನು ಪಕ್ಕದಲ್ಲಿ ಕೂತು ಫೋನಿನಲ್ಲೇ ಬರೆಯತೊಡಗಿದೆ. ಮೊದಲ ವಾಕ್ಯಕ್ಕೆ ತಿಣುಕಬೇಕಾಗಲಿಲ್ಲ: ‘ಎಲ್ಲರಿಗೂ ನಮಸ್ಕಾರ, ಈಗ ನೋವು ಎಷ್ಟೋ ಕಡಿಮೆಯಾಗಿದೆ.’ ಅದರಲ್ಲಿ ಸುಳ್ಳೇನೂ ಇರಲಿಲ್ಲ.