ಬಿಸಿಲಿಗೆ ನಿಂತ ಮೇಣ

೧೯೯೬ರಲ್ಲಿ ಎಂಟನೇ ತರಗತಿಗೆ ಶಾಲೆ ಬಿಟ್ಟ ನಾನು ರಸಾಯನಶಾಸ್ತ್ರ ಕಂಡದ್ದು ಹರಪನಹಳ್ಳಿಯ ಬಂದೂಕು ರಿಪೇರಿ ಉಸ್ತಾದರ ಒಲೆಯ ಮುಂದೆ. ಎರಕದ ಸೀಸದ ಗುಂಡು ನಳಿಗೆಯಲ್ಲಿ ಸಲೀಸಾಗಿ ಜಾರಲೆಂದು ಅದಕ್ಕೆ ಬಳಿಯಲು ಅವರು ಜೇನುಮೇಣಕ್ಕೆ ಔಡಲೆಣ್ಣೆ ಬೆರೆಸಿ ಕಾಸುತ್ತಿದ್ದರು. ತೂಗುತ್ತಿರಲಿಲ್ಲ, ಬೆರಳಲ್ಲಿ ಉಜ್ಜಿ, "ಬಿಸಲಿಗೆ ಕೇಳೂಣು" ಎನ್ನುತ್ತಿದ್ದರು.

ಒಂದು ಬೇಸಿಗೆ ತೆಲಿಗಿಯ ಗೌಡರು ಗುಂಡು ಒಯ್ಯಲು ಬಂದರು. ಹೊಲಕ್ಕೆ ಹಂದಿ ನುಗ್ಗಿತ್ತು. ಮೇಣ ನಾನು ಕಾಸಿದ್ದು. ಉಸ್ತಾದರು ಮೇಣ ಬಳಿದ ಒಂದು ಗುಂಡನ್ನು ಬಿಸಿಲಿಗೆ ಕಾದ ತಗಡಿನ ಮೇಲಿಟ್ಟರು. ಮೇಣ ಹರಿಯಿತು.

"ಲೇ, ಮೇಣ ಕಾಸೀಯೋ, ಸಾರು ಕಾಸೀಯೋ?"

"ಹೊತ್ತಾತು, ಹಂಗ ಕೊಡ್ರಿ," ಎಂದರು ಗೌಡರು.

"ಎಣ್ಣಿ ಮದ್ದಿಗಿಳಿದು ಬಂದೂಕು ಹಾರಲಿಲ್ಲಂದ್ರ, ಹಂದಿ ನಿಮ್ಮನ್ನ ಬಿಡತೈತೇನ್ರಿ?"

ಉಸ್ತಾದರು ಮೇಣವನ್ನೆಲ್ಲ ಮತ್ತೆ ಕರಗಿಸಿ, ಕಣ್ಣಳತೆಯಲ್ಲೇ ಒಂದು ಗಡ್ಡೆ ಜೇನುಮೇಣ ಸೇರಿಸಿ, ಗುಂಡಿಗೆ ಬಳಿದರು. ಅದೇ ತಗಡು, ಅದೇ ಬಿಸಿಲು. ಈ ಸಲ ಮೇಣ ಅಲುಗಲಿಲ್ಲ. ನಾನು ಬಾಯಿ ತೆರೆದು ನಿಂತಿದ್ದೆ.

ಈಗ ನನ್ನವು ಒಂದು ಅಂಗಡಿ, ಎರಡು ಒಲೆ, ಆರು ಅಚ್ಚು. ಮೇಣ ಕರಗಿತೆಂದು ಮರಳಿ ಬಂದವರು ಒಬ್ಬರೂ ಇಲ್ಲ.